ಕುಲಕರ್ಣಿ ಮೇಡಂ ಕೊಟ್ಟ ಬಾಳೆಕಂದು

ಸೂಕ್ಷ್ಮದರ್ಶಕದ ಪಕ್ಕದಲ್ಲಿ ಲಟ್ಟಣಿಗೆ ಇಟ್ಟುಕೊಂಡಿದ್ದ ಪ್ರಾಧ್ಯಾಪಕಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕುಸನೂರಿನ ಹತ್ತಿರವಿದ್ದ ನಮ್ಮ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಕುಲಕರ್ಣಿ ಮೇಡಂ ಬಾಳೆಯ ವೈರಸ್ ಪಾಠವನ್ನು ಶಂಕರಪಾಳಿ ಹಿಟ್ಟಿನಿಂದಲೇ ಮಾಡುತ್ತಿದ್ದರು.

“ಈ ಆರ್‌ಎನ್‌ಎ ವೈರಸ್‌ಗೆ ಸ್ವಂತ ಅಡಗಿಮನಿ ಇಲ್ರೀ. ಗಿಡದ ರೈಬೋಸೋಮ್ ಕಡಿಂದನ ತನ್ನ ಪ್ರೋಟೀನ್ ಮಾಡಿಸ್ಕೋತದ. ಅದೂ ಬಿಡಿಬಿಡಿ ಅಲ್ಲ, ಒಂದೇ ಉದ್ದನ್ನ ಪಟ್ಟಿ,” ಎನ್ನುತ್ತಾ ಲಟ್ಟಿಸಿ, ಚಕಚಕನೆ ಕತ್ತರಿಸುತ್ತಿದ್ದರು. “ಆಮ್ಯಾಲ ತುಂಡು ತುಂಡು. ಹೇಳ್ರಿ, ವೈರಸ್‌ಗೆ ಚಾಕು ಎಲ್ಲಿಂದ ಬಂತು?” ಒಂದು ತುಂಡನ್ನು ಎತ್ತಿ ತೋರಿಸುತ್ತಿದ್ದರು. “ಕತ್ತರಿಸೋ ಪ್ರೋಟೀನೂ ಅದೇ ಪಟ್ಟಿಯೊಳಗ ಇರ್ತದ!” ಪಾಠ ಮುಗಿದ ಮೇಲೆ ಡಬ್ಬಿಯಲ್ಲಿ ತಂದ ಕರಿದ ಶಂಕರಪಾಳಿ ನಮ್ಮ ಪಾಲಿಗೆ.

ಕಮಲಾಪುರದ ನಮ್ಮ ತೋಟದ ಕೆಂಪು ಬಾಳೆಯೆಂದರೆ ಅವರಿಗೆ ಪ್ರಾಣ. ಒಂದು ಸಲ ಐವಾನ್-ಎ-ಶಾಹಿ ಬಡಾವಣೆಯ ತಮ್ಮ ಮನೆಯ ಹಿತ್ತಲಲ್ಲಿ ಬೆಳೆದ ಕೆಂಪು ಬಾಳೆಯ ಕಂದುಗಳನ್ನು ಅಪ್ಪನಿಗೆ ತಂದುಕೊಟ್ಟರು. ಕಾಂಡದ ತುಂಬ ದಟ್ಟ ಕೆಂಪು ಗೆರೆಗಳು.

“ಬಣ್ಣ ನೋಡ್ರಿ ಪಾಟೀಲ್ರೆ, ಅಸಲಿ ಮಾಲು!”

ಗೆರೆ ಹೆಚ್ಚಿದ್ದಷ್ಟೂ ತಳಿ ಶುದ್ಧವೆಂದು ನಮ್ಮ ಮನೆಯಲ್ಲೂ ನಂಬಿದ್ದರು. ಅಪ್ಪ ಹಿಗ್ಗಿ ತೋಟದ ನಡುವೆಯೇ ನೆಟ್ಟರು.

ಗೊನೆ ಬಿಡುವ ಹೊತ್ತಿಗೆ ಹೂವಿನ ಪಕಳೆಗಳ ಮೇಲೂ ಗೆರೆ. ಗೊನೆಗಳು ಬಡಕಲಾಗಿದ್ದವು, ಸುತ್ತಲಿನ ಗಿಡಗಳೂ ಹಾಗೆಯೇ. ನಾನು ಎಲೆಗಳನ್ನು ವಿಭಾಗಕ್ಕೆ ಒಯ್ದೆ. ಮೇಡಂ ತಮ್ಮ ಹಿತ್ತಲ ಎಲೆಯನ್ನೂ ಸೇರಿಸಿ ಪರೀಕ್ಷಿಸಿದರು. ಎರಡರಲ್ಲೂ ಅವರ ಶಂಕರಪಾಳಿ ಪಾಠದ ವೈರಸ್ಸೇ!

“ಅದು ಬಣ್ಣ ಅಲ್ಲವ್ವಾ... ರೋಗ,” ಎಂದರು. ಜೀವಮಾನವಿಡೀ ಅದನ್ನೇ ಕಲಿಸಿದವರು ಅದನ್ನೇ ಕೈಯಾರೆ ತಂದು ಕೊಟ್ಟಿದ್ದರು. ಈಗಲೂ ನನಗೆ ನಂಬಲಾಗುವುದಿಲ್ಲ.

ಮರುದಿನವೇ ಕಮಲಾಪುರಕ್ಕೆ ಬಂದರು. “ನಾ ತಂದ ರೋಗ ಇದು, ಪಾಟೀಲ್ರೆ. ತ್ವಾಟ ಪೂರಾ ಕಿತ್ತಬೇಕ್ರಿ.”

ಅಪ್ಪ, “ಬಣ್ಣ ನೋಡಿ ನಾನೂ ಮಳ್ಳಾಗೀನ್ರಿ,” ಎಂದು ಗುದ್ದಲಿ ಎತ್ತಿಕೊಂಡರು. ಮೇಡಂ ಸೆರಗು ಬಿಗಿದು ಕತ್ತಿ ಹಿಡಿದರು. ಸೀರೆಯ ತುಂಬ ಬಾಳೆಯ ಕರೆ. ಹೊರಡುವಾಗ ಅಮ್ಮ ಕೊಟ್ಟ ಬಾಳೆಹಣ್ಣನ್ನು ಮುಟ್ಟಲಿಲ್ಲ. “ಹೊಸಾ ಗಿಡದ ಹಣ್ಣು ಬರೂತನಕ ನನಗ ಬ್ಯಾಡವ್ವಾ.”

ರೋಗವಿಲ್ಲವೆಂದು ಪರೀಕ್ಷಿಸಿದ ಸಸಿಗಳನ್ನು ತಾವೇ ಹುಡುಕಿ ಕಳಿಸಿದರು. ಅವುಗಳ ಮೊದಲ ಗೊನೆ ಹಣ್ಣಾಗುತ್ತಿದ್ದಾಗ ಫೋನ್ ಬಂತು: ಮೇಡಂಗೆ ಹೃದಯಾಘಾತ, ಉಳಿಯಲಿಲ್ಲ.

ನಾವು ಅವರ ಮನೆಗೆ ಹೋದಾಗ ಹಿತ್ತಲ ಹಗ್ಗದ ಮೇಲೆ ಆ ಕರೆ ಹತ್ತಿದ ಸೀರೆ ಒಣಗುತ್ತಿತ್ತು. ಒಳಗೆ ಮಲಗಿಸಿದ್ದ ಮೇಡಂ ಬಳಿ ಕೂತು ಅಪ್ಪ ಹೆಗಲ ಚೀಲದಿಂದ ಒಂದು ಕೆಂಪು ಹಣ್ಣು ತೆಗೆದು ಅವರ ಕೈಯ ಪಕ್ಕದಲ್ಲಿಟ್ಟರು.

“ಛಲೋ ಆಗ್ಯಾವ್ರಿ, ಮೇಡಂ,” ಎಂದರು.