ಬೊಟ್ಟಿನಿಂದ ಒಂದು ಬೆರಳು ಆಚೆ

ಮಾದೇವಮ್ಮ ರೇಡಿಯೊ ತಿರುಗಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಚಿಟಿಕೆ ಉಪ್ಪು ಹಿಡಿದ ಹಾಗೆ ಎರಡೇ ಬೆರಳಲ್ಲಿ ಗುಂಡಿ ಹಿಡಿದು, ಕಣ್ಣು ಮುಚ್ಚಿ, ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ. ಪೆಟ್ಟಿಗೆ ಸಿಳ್ಳೆ ಹಾಕುತ್ತಿತ್ತು, ಗೊರಗುಟ್ಟುತ್ತಿತ್ತು, ಯಾವುದೋ ದೇಶದ ಗಂಡಸೊಬ್ಬ ಎರಡು ಮಾತಾಡಿ ಮುಳುಗಿಹೋಗುತ್ತಿದ್ದ. ಆಗ ನಾನೇನಾದರೂ ಬಾಯಿ ತೆರೆದೆನೋ, "ಸುಮ್ಕಿರವ್ವ, ತಪ್ಪೋಯ್ತದೆ" ಎಂದು ಗದರುತ್ತಿದ್ದರು.

ಸರಗೂರಿನ ಶಾಲೆಗೆ ಟೀಚರಾಗಿ ಬಂದ ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ನಾನು ಮದುವೆಯಾಗದವಳು, ಅವರು ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲ. ಇಬ್ಬರಿಗೂ ಸಂಜೆ ಅನ್ನುವುದೇ ಒಂದು ಸಂಕಟ. ದೀಪ ಹಚ್ಚುವ ಹೊತ್ತಿಗೆ ಬೀದಿಯ ಬಾಗಿಲುಗಳೆಲ್ಲ ಮುಚ್ಚಿಕೊಂಡು ಒಳಗೆ ಟಿವಿ ಶುರುವಾಗುತ್ತಿತ್ತು. ನಮ್ಮಲ್ಲಿದ್ದದ್ದು ಮರದ ಪೆಟ್ಟಿಗೆಯ ಆ ಹಳೇ ರೇಡಿಯೊ ಒಂದೇ.

ಅದರ ಗಾಜಿನ ಮೇಲೊಂದು ಕುಂಕುಮದ ಬೊಟ್ಟು. ಒಂದು ಆಯುಧಪೂಜೆಯ ದಿನ ಅವರ ಗಂಡ, ತಮ್ಮಿಬ್ಬರ ಮೆಚ್ಚಿನ ಸ್ಟೇಷನ್ ಬರುವ ಜಾಗ ನೋಡಿ, ಮುಳ್ಳಿನ ನೇರಕ್ಕೇ ಇಟ್ಟದ್ದು. ಯಾವ ದೇಶದ ಸ್ಟೇಷನ್ನೋ ಇಬ್ಬರಿಗೂ ಗೊತ್ತಿರಲಿಲ್ಲ. ಮೊದಲು ಕೊಳಲು, ಆಮೇಲೆ ಒಬ್ಬ ಹೆಂಗಸಿನ ಮಾತು. ಒಂದಕ್ಷರ ತಿಳಿಯದು. ಗಂಡ ಮಾತ್ರ ಗಂಭೀರವಾಗಿ ಅರ್ಥ ಹೇಳುತ್ತಿದ್ದರಂತೆ: "ಇವತ್ತು ಅವ್ಳು ಸಾರಿಗೆ ಉಪ್ಪು ಜಾಸ್ತಿ ಆಕ್ಬುಟ್ಲಂತೆ. ಅತ್ತೆ ಮುನಿಸ್ಕಂಡವ್ಳಂತೆ."

"ಒಲ ಗದ್ದೆ ಇಚಾರ ಬುಟ್ರೆ ನಮ್ಮೆಜಮಾನ್ರು ನನ್ನತ್ರ ಆಡ್ತಿದ್ ಮಾತು ಅದೊಂದೇ ಕಣವ್ವ," ಎನ್ನುತ್ತಿದ್ದರು ಮಾದೇವಮ್ಮ. "ಅವ್ರು ತೀರ್ಕಂಡ್ರು, ಅವ್ಳೂ ಬರೋದ ನಿಲ್ಲಿಸ್ಬುಟ್ಲು. ಸಾಯದ್ರೊಳ್ಗೆ ಒಂದ್ಸಲ ಅವ್ಳ ದನಿ ಕೇಳ್ಬುಟ್ರೆ ಸಾಕು."

ಆದರೂ ದಿನಾ ಸಂಜೆ ಮುಳ್ಳನ್ನು ಬೊಟ್ಟಿಗೆ ತಂದು, ಬರೀ ಸುಯ್ ಎನ್ನುವ ಸದ್ದಿನ ಮುಂದೆ ಕೂರುತ್ತಿದ್ದರು.

ಇಷ್ಟೊಂದು ದನಿಗಳಲ್ಲಿ ಒಂದನ್ನೇ ರೇಡಿಯೊ ಹೇಗೆ ಹಿಡಿಯುತ್ತದೆ ಎಂದು ನಾನೊಮ್ಮೆ ಕೇಳಿದೆ. ಗಂಡನಿಂದ ಕಲಿತದ್ದನ್ನು ಹೇಳಲು ಅವರಿಗೆ ಎಲ್ಲಿಲ್ಲದ ಹುಮ್ಮಸ್ಸು. ಹಿಂದಿನ ರಟ್ಟು ಬಿಚ್ಚಿ ತೋರಿಸಿದರು. "ಏರಿಯಲ್ ತಂತೀಲಿ ಎಲ್ರೂ ಒಟ್ಗೇ ಬತ್ತರೆ, ಸಂತೆ ಗದ್ಲದಂಗೆ. ಈ ತಗಡ್ನ ಎಲೆ ನೋಡು. ಗುಂಡಿ ತಿರುಗಿಸ್ದಂಗೆ ಒಂದ್ರ ಸಂದೀಲಿ ಇನ್ನೊಂದು ಒಳಕ್ಕೋಯ್ತವೆ, ಈಚೆಗೆ ಬತ್ತವೆ. ಎಷ್ಟು ಒಳಕ್ಕೋದ್ರೆ ಯಾರ್ ದನಿ ಅಂತ ಲೆಕ್ಕ ಅದೆ. ಅವ್ರೊಬ್ರನ್ನ ಒಳಕ್ಕೆ ಬುಟ್ಕತ್ತದೆ, ಮಿಕ್ಕೋರ್ನ ಬಾಗ್ಲಾಚೆ ನಿಲ್ಲಿಸ್ತದೆ. ಮುಳ್ಳು ಏನೂ ಉಡ್ಕಲ್ಲ. ಈ ದಾರ ಎಳ್ದಂಗೆ ಓಯ್ತದೆ, ಅಷ್ಟೇಯ."

ದಾರ ಸಡಿಲವಾಗಿ ಜೋತಿತ್ತು. ನಾನು ಅದನ್ನೇ ನೋಡುತ್ತಿದ್ದಾಗ ಅವರು ಹೇಳುತ್ತಲೇ ಇದ್ದರು: "ಈಗ ವಾರ್ತೆನೂ ಒಂದ್ಬೆಳ್ಳು ಬಲಕ್ಕೆ ಬತ್ತದೆ. ಸಿನಿಮಾ ಆಡೂ ಅಂಗೇಯ. ಎಲ್ರೂ ಜಾಗ ಬದಲಾಯಿಸ್ಕಂಡವ್ರೆ."

"ಯಾವಾಗಿಂದ?"

"ಯಜಮಾನ್ರು ತೀರ್ಕಂಡ್ಮೇಲೆ ಸೂತಕ ಕಳಿಯಕ್ಕೆ ಮನೆಗೆ ಸುಣ್ಣ ಬಳುದ್ರಲ್ಲ, ಸಾಮಾನೆಲ್ಲ ಅಂಗಳಕ್ಕೆ ಎತ್ತಾಕಿ. ಆಗಿಂದ."

ಅಲ್ಲಾ, ಲೋಕದ ಸ್ಟೇಷನ್ನುಗಳೆಲ್ಲ ಮಾತಾಡಿಕೊಂಡು ಒಂದೊಂದು ಬೆರಳು ಸರಿದುಬಿಟ್ಟವೇ! "ಅವ್ವಾ, ಅವರ್ಯಾರೂ ಸರಿದಿಲ್ಲ. ಎತ್ತಿ ಇಳಿಸುವಾಗ ದಾರ ಜಾರಿ ಮುಳ್ಳು ಸರಿದಿದೆ. ಬೊಟ್ಟು ಬಿಟ್ಟು ಒಂದು ಬೆರಳು ಬಲಕ್ಕೆ ತಿರುಗಿಸಿ, ನಿಮ್ಮವಳು ಅಲ್ಲಿರುತ್ತಾಳೆ."

ಅವರ ಮುಖ ಬಿಗಿಯಾಯಿತು. "ಅವ್ರು ಇಟ್ಟ ಬೊಟ್ಟು ಕಣವ್ವ. ನನ್ ಅಣೆ ಬೊಟ್ಟ ಅಳಿಸ್ದಾಗ ಸುಮ್ಕಿದ್ದೆ. ಇದ್ನ ಮಾತ್ರ ಯಾರ್ಗೂ ಮುಟ್ಟಕ್ಕೆ ಬುಡ್ನಿಲ್ಲ. ಈಗ ಇದ ಬುಟ್ಟು ಆಚೆಗೆ ಓಗ್ಲಾ?"

ನನಗೋ ಮೂಗಿನ ತುದಿಯಲ್ಲೇ ಕೋಪ. "ಬೊಟ್ಟು ಬೇಕೋ ಕೊಳಲು ಬೇಕೋ ನೀವೇ ನೋಡಿಕೊಳ್ಳಿ" ಎಂದು ಎದ್ದುಬಂದೆ.

ಕೆಲವು ದಿನ ಕಳೆದು ಒಂದು ಸಂಜೆ ಅಕ್ಕಿ ಆರಿಸುತ್ತಿದ್ದೆ. ಒಳಮನೆಯಿಂದ ಕೊಳಲು ಕೇಳಿಸಿತು. ಮೊರ ಅಲ್ಲೇ ಬಿಟ್ಟು ಓಡಿದೆ. ಮಾದೇವಮ್ಮನ ಕೈ ಇನ್ನೂ ಗುಂಡಿಯ ಮೇಲಿತ್ತು, ಮುಳ್ಳು ಬೊಟ್ಟು ದಾಟಿ ನಿಂತಿತ್ತು. ಕೊಳಲು ನಿಂತು ಹೆಂಗಸಿನ ಮಾತು ಬಂತು. ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಬಿಳಿಚಿಕೊಂಡಿತ್ತು.

"ಇಷ್ಟು ವರ್ಸನೂ ಇಲ್ಲೇ ಇದ್ಲು ಕಣವ್ವ. ಮಾತಾಡ್ತಾನೇ ಅವ್ಳೆ. ಏನಂತಾವ್ಳೆ ಅಂತ ಏಳೋರೇ ಇಲ್ವಲ್ಲ," ಎಂದು ಬಿಕ್ಕಿ ಬಿಕ್ಕಿ ಅತ್ತರು.

ನಾನು ಪಕ್ಕದಲ್ಲಿ ಕೂತೆ. "ಇವತ್ತೂ ಸಾರಿಗೆ ಉಪ್ಪು ಜಾಸ್ತಿ ಹಾಕಿಬಿಟ್ಟಳಂತೆ ಅವ್ವಾ" ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಕಣ್ಣೊರೆಸಿಕೊಳ್ಳುತ್ತಾ, "ಅಯ್ಯೋ ಬುಡು, ಅವ್ಳಿಗೆ ಅಡ್ಗೆ ಬರೋದು ಇನ್ಯಾವ್ ಕಾಲಕ್ಕೋ!" ಎಂದು ನಕ್ಕುಬಿಟ್ಟರು.

ಅಂದಿನಿಂದ ಅರ್ಥ ಹೇಳುವ ಕೆಲಸ ನನ್ನದಾಯಿತು. ಆ ಹೆಂಗಸಿಗೆ ಹೆರಿಗೆ ಮಾಡಿಸಿದೆ, ಅತ್ತೆಯನ್ನು ಮಗಳ ಮನೆಗೆ ಕಳಿಸಿದೆ. ಸಂಜೆ ಯಾವಾಗ ಆದೀತೋ ಎನಿಸುತ್ತಿತ್ತು. ಹುಣಸೂರಿಗೆ ವರ್ಗವಾದಾಗ ಅವರು ಬಸ್ಸಿನವರೆಗೂ ಬಂದು ಕೈ ಹಿಡಿದುಕೊಂಡರು. "ಇನ್ ನಂಗೆ ಅರ್ಥ ಏಳೋರ್ಯಾರವ್ವ?" ನಾನು ಅವರನ್ನು ಕಂಡದ್ದು ಅದೇ ಕೊನೆ.

ಅವರು ತೀರಿಕೊಂಡ ಮೇಲೆ ಅವರ ತಮ್ಮ ರೇಡಿಯೊ ತಂದು ಹುಣಸೂರಿನ ನನ್ನ ಮನೆಯಲ್ಲಿ ಇಳಿಸಿಹೋದರು. "ಟೀಚರವ್ವನ್ಗೇ ಕೊಡು ಅಂದಿದ್ಲು" ಎಂದರು. ಬೊಟ್ಟು ಹಾಗೇ ಇದೆ. ದಾರವನ್ನು ನಾನು ಸರಿಮಾಡಿಸಿಲ್ಲ. ಸಂಜೆ ಉಸಿರು ಬಿಗಿಹಿಡಿದು ಒಂದು ಬೆರಳು ಆಚೆಗೆ ತಿರುಗಿಸುತ್ತೇನೆ. ಕೊಳಲು ಬರುತ್ತದೆ, ಆ ಹೆಂಗಸು ಬರುತ್ತಾಳೆ.

"ಇವತ್ತು ಸಾರು ಚೆನ್ನಾಗಿ ಆಗಿದೆಯಂತೆ ಅವ್ವಾ" ಎಂದು ಗಟ್ಟಿಯಾಗಿ ಹೇಳಿ, ನಗು ಕೇಳಿಸೀತೇ ಎಂದು ಸುಮ್ಮನೆ ಕೂರುತ್ತೇನೆ. ಕೇಳಿಸುವುದಿಲ್ಲ.