ಎರಡನೇ ಆಟ

ನನಗೆ ಕೆಲಸ ಕೊಡಿಸಿದ್ದು ಓದಲ್ಲ, ಬಲಗೈ. ಎಪ್ಪತ್ತರ ದಶಕದ ಕೊನೆ. ಬಾಲ್ ಬ್ಯಾಡ್ಮಿಂಟನ್ ಚೆನ್ನಾಗಿ ಆಡುತ್ತೇನೆಂದು ಮದರಾಸಿನ ಒಂದು ದೊಡ್ಡ ಕಚೇರಿಯವರು ಸ್ಪೋರ್ಟ್ಸ್ ಕೋಟಾದಲ್ಲಿ ಗುಮಾಸ್ತೆಯಾಗಿ ತೆಗೆದುಕೊಂಡರು. ಎರಡು ವರ್ಷ ಪ್ರೊಬೇಷನ್. ಅಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ಅಮ್ಮ, ಇಬ್ಬರು ತಂಗಿಯರು. ಕೆಲಸ ಖಾಯಂ ಆಗದಿದ್ದರೆ ನಮಗೆ ಬೇರೆ ಗತಿಯಿರಲಿಲ್ಲ.

ಆಟ ಕಲಿಸಿದವರು ಅಣ್ಣಾ ನಗರದಲ್ಲಿ ನಮ್ಮ ಎದುರುಮನೆಯವರು, ಮೈಸೂರು ಕಡೆಯವರು. ಮಾವ ಅನ್ನುತ್ತಿದ್ದೆವು. ಅದೇ ಕಚೇರಿಯಲ್ಲಿ ಯೂನಿಯನ್ ಕಾರ್ಯದರ್ಶಿ. ಪಕ್ಕದ ಖಾಲಿ ಸೈಟಿನಲ್ಲಿ ಸುಣ್ಣದ ಗೆರೆ ಎಳೆದು, ಹಳದಿ ಉಣ್ಣೆ ಚೆಂಡನ್ನು ದಿನಕ್ಕೆ ನೂರು ಸಲ ನನ್ನ ಎಡಕ್ಕೇ ಹಾಕಿ ಕೈ ಪಳಗಿಸಿದ್ದರು.

ಮರುವರ್ಷ ಕಚೇರಿಯವರು ಹಂಗಾಮಿ ನೌಕರರನ್ನು ಕೆಲಸದಿಂದ ತೆಗೆದರು. ಯೂನಿಯನ್ ಊಟದ ಬಿಡುವಿನಲ್ಲಿ ಗೇಟ್ ಮೀಟಿಂಗ್ ಕರೆಯಿತು. ಕರೆದದ್ದೇ ತಡ, ವೆಲ್‌ಫೇರ್ ಆಫೀಸರಿಗೆ ಕ್ರೀಡೆಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಹಿಂದಿನ ಅಂಗಳದಲ್ಲಿ ಹೆಂಗಸರ ಪಂದ್ಯ, ಸರಿಯಾಗಿ ಮೀಟಿಂಗಿನ ಹೊತ್ತಿಗೇ, ನೋಡಲು ಬಂದವರಿಗೆ ಬೋಂಡಾ, ಕಾಫಿ. ದಿನವೂ ಸೀರೆಯಲ್ಲಿ ಬರುವ ಗುಮಾಸ್ತೆಯರು ಸ್ಕರ್ಟು ತೊಟ್ಟು ಆಡುತ್ತಾರೆಂದರೆ ನಮ್ಮ ಗಂಡಸರು ಕರೆಯದೆಯೇ ಬರುತ್ತಿದ್ದರು. ಬೋಂಡಾ ದಂಡ.

ಆಫೀಸರು ನನ್ನನ್ನು ಕೋಣೆಗೆ ಕರೆದು ಬಹಳ ಮೃದುವಾಗಿ ಮಾತಾಡಿದರು. ಮೂರಾಟದ ಪಂದ್ಯವನ್ನು ಎರಡೇ ಆಟಕ್ಕೆ ಗೆದ್ದುಬಿಟ್ಟರೆ ಜನ ಎದ್ದು ಗೇಟಿಗೆ ಹೋಗುತ್ತಾರೆ, ಮೂರನೆಯದಕ್ಕೆ ಎಳೆದರೆ ಬಿಡುವು ಮುಗಿಯುತ್ತದೆ ಅಂದರು. ನನ್ನ ಪ್ರೊಬೇಷನ್ ಫೈಲು ಅವರ ಮೇಜಿನ ಮೇಲಿತ್ತು. ನಾನು ಹೂಂ ಅಂದೆ.

ಮೊದಲ ಆಟ ನಾನೂ ನನ್ನ ಜೊತೆಗಾತಿಯೂ ಸುಲಭವಾಗಿ ಗೆದ್ದೆವು. ಎರಡನೆಯದರಲ್ಲಿ ಎಡಕ್ಕೆ ಬಂದ ಚೆಂಡನ್ನೆಲ್ಲ ನೆಟ್ಟಿಗೆ ಹೊಡೆದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ. ಬದಿ ಬದಲಿಸುವಾಗ ನೋಡುತ್ತೇನೆ, ಹಗ್ಗದಾಚೆ ಮಾವ. ಗೇಟಿನಲ್ಲಿ ಅವರ ಮಾತು ಕೇಳಲು ಆರು ಜನವೂ ಇರಲಿಲ್ಲ. ಮೀಟಿಂಗ್ ಬಿಟ್ಟು ಆಗಲೇ ಇಲ್ಲಿ ಬಂದು ನಿಂತಿದ್ದರು.

ಸಂಜೆ ಬಸ್ ಸ್ಟಾಪಿನಲ್ಲಿ ಮಾವ ನನ್ನ ಪಕ್ಕಕ್ಕೇ ಬಂದು ನಿಂತರು. ನನಗೆ ನೆಲ ನೋಡುವುದೊಂದೇ ಉಳಿದಿತ್ತು.

"ನಿಂಗೆ ಎಡಗಡೆ ಚೆಂಡು ತಪ್ಪಲ್ಲ ಕಣಮ್ಮ," ಅಂದರು. ಬಸ್ಸು ಬಂತು, ತುಂಬಿತ್ತು, ಹೋಯಿತು. "ಇರ್ಲಿ ಬಿಡು. ಮೊದ್ಲು ಕನ್ಫರ್ಮ್ ಆಗು. ಆಮೇಲೆ ನಿನ್ನಾಟ ನೀನು ಆಡ್ಬಹುದು."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಚಿಕೆಯಿಂದ ಆ ರಾತ್ರಿ ಊಟ ಸೇರಲಿಲ್ಲ.

ತೆಗೆದವರನ್ನು ಮತ್ತೆ ತೆಗೆದುಕೊಳ್ಳಲಿಲ್ಲ. ಮಾವನಿಗೆ ದೂರದ ಊರಿಗೆ ವರ್ಗವಾಯಿತು. ಎದುರುಮನೆಗೆ ಬೇರೆಯವರು ಬಂದರು, ಸೈಟಿನಲ್ಲಿ ಯಾರೋ ಮನೆ ಕಟ್ಟಿದರು. ನನಗೆ ಖಾಯಂ ಆದ ಕಾಗದ ಬಂತು. ಅಮ್ಮ ಪಾಯಸ ಮಾಡಿದರು.

ಎಂಬತ್ತರ ದಶಕ ಶುರುವಾದ ಮೇಲೆ ಇನ್ನೊಂದು ಗೇಟ್ ಮೀಟಿಂಗ್ ಬಂತು, ಅದರ ಬೆನ್ನಿಗೇ ಇನ್ನೊಂದು ಪಂದ್ಯ. ಈ ಸಲ ಆಫೀಸರು ನನ್ನನ್ನು ಕರೆಯಲಿಲ್ಲ, ಏನೂ ಹೇಳಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯುವುದು ಈಗ ಅವರ ಕೈಯಲ್ಲೂ ಇರಲಿಲ್ಲ. ಮೊದಲ ಆಟ ಗೆದ್ದೆವು. ಎರಡನೆಯದರಲ್ಲಿ ಚೆಂಡು ನನ್ನ ಎಡಕ್ಕೆ ಬಂತು. ನಾನು ಅದನ್ನು ನೆಟ್ಟಿಗೆ ಹೊಡೆದೆ.