ಕಮಲಿಯ ಪಾಲಿನ ನುಗ್ಗೆಕಾಯಿ

ಇವತ್ತು ಮಧ್ಯಾಹ್ನ ಕುಕ್ಕರ್ ಮುಚ್ಚಳ ತೆಗೆದಾಗ ಎದ್ದ ನುಗ್ಗೆಕಾಯಿ ಸಾರಿನ ವಾಸನೆ ನನ್ನನ್ನು ನ್ಯಾಮತಿ ಹತ್ತಿರದ ನಮ್ಮ ಶಾಲೆಯ ಅಂಗಳಕ್ಕೆ ಒಯ್ದಿತು.

ಅಲ್ಲಿ ಇಬ್ಬರು ಮಕ್ಕಳಿಗೆ ಒಂದು ಗಿಡ. ನನಗೂ ತಾಂಡಾದ ಕಮಲಿಗೂ ಸಿಕ್ಕಿದ್ದು ನುಗ್ಗೆ. ಬಿಸಿಯೂಟವಾದ ಮೇಲೆ ತಟ್ಟೆ ತೊಳೆದ ನೀರನ್ನು ಅವರವರ ಗಿಡದ ಬುಡಕ್ಕೇ ಚೆಲ್ಲಬೇಕು. ಬೇರೆಲ್ಲಾದರೂ ಚೆಲ್ಲಿದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು.

ಚಳಿ ಶುರುವಾಗುತ್ತಲೇ ಕಮಲಿಯ ಅಪ್ಪ, ಅವ್ವ ಅವಳನ್ನೂ ಕರೆದುಕೊಂಡು ಕಾಫಿ ಎಸ್ಟೇಟಿನ ಕೂಲಿಗೆ ಹೊರಟರು.

"ನಾ ಬರೋ ತನಕ ನನ್ನ ಪಾಲಿನ ನೀರೂ ನೀನೇ ಹಾಕ್ಬೇಕು ನೋಡು" ಎಂದಳು.

ನಾನು ದಿನಾ ತಟ್ಟೆಯನ್ನು ಎರಡು ಸಲ ತೊಳೆದೆ. "ಎಷ್ಟು ತಿಕ್ತೀಯವ್ವ, ತಟ್ಟೆ ಸವೆದು ಹೋಗ್ತೈತೆ" ಎಂದು ಅಡುಗೆಯ ಗೌರಕ್ಕ ನಗುತ್ತಿದ್ದಳು.

ಚಳಿ ಮುಗಿದು, ನಮ್ಮ ಗಿಡದ ಮೊದಲ ಕಾಯಿ ಸಾರಿಗೆ ಬಿದ್ದ ದಿನ ಗೌರಕ್ಕ ನನಗೊಂದು ಹೋಳು ಹೆಚ್ಚಿಗೆ ಹಾಕಿದಳು.

"ಇದು ಕಮಲಿದು" ಎಂದೆ.

"ಆಕೆ ಇನ್ನು ಬರಂಗೆ ಕಾಣಲ್ಲವ್ವ. ನೀನೇ ತಿನ್ನು."

ನಾನು ತಿನ್ನಲಿಲ್ಲ.

"ಕೊನೇ ಹೋಳು ಯಾಕಮ್ಮ ಹಂಗೇ ಬಿಟ್ಟೆ?" ಮಗಳು ಈಗಷ್ಟೇ ನನ್ನ ಊಟದ ತಟ್ಟೆ ನೋಡಿ ಕೇಳಿದಳು. ಕಮಲಿಯ ಕತೆ ಹೇಳಿದೆ.

"ಯಾವೂರಿಗೆ ಹೋದ್ಳು?"

ಅದೊಂದನ್ನು ನಾನು ಅವತ್ತು ಕೇಳಿರಲೇ ಇಲ್ಲ.